ಗೋಡೆಗೆ ಅಂಟಿ ನಿಂತ ಹುಡುಗಿ

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಹವ್ಯಾಸಿಗಳೇ ಸೇರಿ ನಡೆಸುವ ಬ್ಯಾಲೆ ತಂಡವೊಂದು ಪುಟಾಣಿಗಳಿಗೆ ಕ್ಲಾಸು ಶುರು ಮಾಡಿದೆ. ಮೂರು ವಾರದಿಂದ ಕರೆದುಕೊಂಡು ಹೋಗುತ್ತಿದ್ದೇನೆ. ಇವಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾಳೆ, ಕುಣಿಯುವುದೇ ಇಲ್ಲ. ಅಲ್ಲಿ ಹೇಳಿಕೊಡುವುದೂ ಕಪ್ಪೆ ಜಿಗಿತ, ಬೆಕ್ಕಿನ ನಡಿಗೆ ಅಷ್ಟೇ. ತುದಿಗಾಲಲ್ಲಿ ನಿಲ್ಲುವ ಶೂ ಯಾವಾಗ ಕೊಡುತ್ತಾರೆ? ಬಿಡಿಸಿಬಿಡಲಾ ಮೇಡಂ?

ಉತ್ತರ: ಬಿಡಿಸಬೇಡಿ. ಕ್ಲಾಸು ಮುಗಿಸಿ ಮನೆಗೆ ಬಂದ ಮೇಲೆ ಅವಳು ಒಬ್ಬಳೇ ಆಡುವಾಗ ಬಾಗಿಲ ಸಂದಿಯಿಂದ ಸುಮ್ನೆ ನೋಡಿ. ಗೊಂಬೆಗಳನ್ನು ಸಾಲಾಗಿ ಕೂರಿಸಿ ಅದೇ ಕಪ್ಪೆ ಜಿಗಿತ ಹೇಳಿಕೊಡುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ. ನಾನು ಪುಟಾಣಿಗಳಿಗೆ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಗೋಡೆಯ ಮಗು ಪ್ರತಿ ಬ್ಯಾಚಿನಲ್ಲೂ ಒಂದಾದರೂ ಇರುತ್ತದೆ. ಒಬ್ಬಳು ಏಳು ವಾರ ಪಿಯಾನೋ ಪಕ್ಕ ಕಂಬದ ಹಾಗೆ ನಿಂತಿದ್ದಳು. ಎಂಟನೇ ವಾರ ನಾನೇ ಒಂದು ಹೆಜ್ಜೆ ತಪ್ಪಿದೆ. "ಮಿಸ್, ಈಗ ಎಡಗಾಲು" ಅಂದಳು! ಇಡೀ ಕ್ಲಾಸು ಅವಳಿಗೆ ಬಾಯಿಪಾಠ ಆಗಿಬಿಟ್ಟಿತ್ತು.

ಕಪ್ಪೆ ಜಿಗಿತವನ್ನು ಹಗುರವಾಗಿ ನೋಡಬೇಡಿ. ಕಪ್ಪೆ ನೆಲಕ್ಕೆ ಇಳಿಯುವಾಗ ಮಂಡಿ ಮಡಿಸುತ್ತದಲ್ವಾ? ಬ್ಯಾಲೆಯಲ್ಲಿ ಮಂಡಿ ಮಡಿಸುವುದಕ್ಕೆ ಪ್ಲಿಯೇ ಅನ್ನುತ್ತಾರೆ. ಫ್ರೆಂಚಿನಲ್ಲಿ ಮಡಿಸಿದ್ದು ಎಂದೇ ಅದರ ಅರ್ಥ. ಹಾರುವುದಕ್ಕೂ ಅದೇ ಬೇಕು, ಪೆಟ್ಟಾಗದೆ ಇಳಿಯುವುದಕ್ಕೂ ಅದೇ ಬೇಕು. ಆ ಹೆಸರನ್ನು ಏಳೆಂಟರ ವಯಸ್ಸಿಗೆ ಹೇಳಿದರಾಯಿತು. ಈಗ ಅವಳು ಕಲಿಯಬೇಕಾದ್ದು ಬೇರೆ: ಪಕ್ಕದವರಿಗೆ ಡಿಕ್ಕಿ ಹೊಡೆಯದೆ ಓಡುವುದು, ಸಂಗೀತ ನಿಂತ ಕೂಡಲೇ ತಾನೂ ನಿಲ್ಲುವುದು. ನಾಲ್ಕು ವರ್ಷದವರಿಗೆ ಕುಣಿಯುವುದಕ್ಕಿಂತ ನಿಲ್ಲುವುದೇ ಜಾಸ್ತಿ ಕಷ್ಟ. ನಿಮ್ಮ ಮಗಳು ಆ ಕಷ್ಟದ ಅರ್ಧವನ್ನು ಆಗಲೇ ಮುಗಿಸಿದ್ದಾಳೆ ಬಿಡಿ.

ಹೊಸದರಲ್ಲಿ ನಾನೂ ಅವಸರ ಮಾಡಿದವಳೇ. ಐದು ವರ್ಷದವರ ಪಾದ ಹಿಡಿದು ಹೊರಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದೆ. ಫೋಟೋದಲ್ಲಿ ಬಲು ಚೆಂದ ಕಾಣುತ್ತಿತ್ತು, ತಂದೆತಾಯಿಯರೂ ಖುಷಿ. ಆದರೆ ಆ ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ಬರೀ ಪಾದ ತಿರುಗಿಸಿದರೆ ಮಂಡಿ ಒಳಕ್ಕೆ ವಾಲುತ್ತದೆ, ಅಂಗಾಲು ಚಪ್ಪಟೆಯಾಗಿ ಕುಸಿಯುತ್ತದೆ. ಆ ಫೋಟೋಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಇನ್ನು ಆ ಶೂ. ಪಾಯಿಂಟ್ ಶೂಗೆ ಸಾಮಾನ್ಯವಾಗಿ ಹನ್ನೊಂದು ಹನ್ನೆರಡಾದರೂ ಆಗಬೇಕು, ಅದಕ್ಕೆ ಮುಂಚೆ ಕೆಲವು ವರ್ಷ ಸರಿಯಾಗಿ ಕಲಿತಿರಬೇಕು. ಮಕ್ಕಳ ಪಾದದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಇಡೀ ಮೈಭಾರ ಬೆರಳ ತುದಿಗೆ ಬೀಳುತ್ತದೆ. ಆರಕ್ಕೋ ಏಳಕ್ಕೋ ಕೊಡಿಸುತ್ತೇವೆ ಅನ್ನುವವರು ಸಿಕ್ಕರೆ ಮಗಳನ್ನು ಎತ್ತಿಕೊಂಡು ಓಡಿ ಬನ್ನಿ.

ಹವ್ಯಾಸಿ ತಂಡ ಅಂತ ಅನುಮಾನವೂ ಬೇಡ. ಕ್ಲಾಸಿನ ಆಚೆ ದೊಡ್ಡ ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಅಭ್ಯಾಸ ಮಾಡುವುದು, ಬೀಳುವುದು, ನಗುವುದು ಎಲ್ಲ ಪುಟಾಣಿಗಳ ಕಣ್ಣಿಗೆ ಬೀಳುತ್ತದೆ. ಇಂಥ ತಂಡಗಳು 'ನಟ್‌ಕ್ರ್ಯಾಕರ್' ಅನ್ನುವ ಬ್ಯಾಲೆ ಆಡಿಸುವುದಕ್ಕೂ ಒಂದು ಕಾರಣ ಇದೆ, ಅದರಲ್ಲಿ ಮಕ್ಕಳಿಗೆ ಬೇಕಾದಷ್ಟು ಪಾತ್ರ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಸಲ ಆಡಿದಾಗಲೇ ಬ್ಯಾಲೆ ಶಾಲೆಯ ಮಕ್ಕಳು ರಂಗದ ತುಂಬ ಇದ್ದರು. ಅದು ಕೆಲವು ವಿಮರ್ಶಕರಿಗೆ ಹಿಡಿಸಲಿಲ್ಲವಂತೆ. ಒಬ್ಬ ಹೆಂಗಸಿನ ದೊಡ್ಡ ಲಂಗದೊಳಗಿಂದ ಪುಟಾಣಿಗಳು ಒಬ್ಬೊಬ್ಬರಾಗಿ ಹೊರಗೆ ಓಡಿಬರುವ ದೃಶ್ಯ ಇದೆ. ನಮ್ಮಲ್ಲಿ ಒಮ್ಮೆ ಒಬ್ಬ ಹೊರಗೆ ಬರಲೇ ಇಲ್ಲ. ಒಳಗೆ ಕತ್ತಲು ಬೆಚ್ಚಗೆ ಇತ್ತಂತೆ, ಕೂತುಬಿಟ್ಟ!

ಒಂದೇ ಕೋರಿಕೆ: ಮುಂದಿನ ವಾರ ಬಾಗಿಲಲ್ಲಿ ನಿಂತು "ಹೋಗು ಪುಟ್ಟಿ, ಕುಣಿ" ಅಂತ ಕೈಸನ್ನೆ ಮಾಡಬೇಡಿ. ಹೊರಗೆ ಕೂತು ಪುಸ್ತಕ ಓದಿ.

ಪ್ರಶ್ನೆ: ಐದು ವರ್ಷದ ಮಗನೂ ಬ್ಯಾಲೆಗೆ ಹೋಗ್ತೀನಿ ಅಂತಾನೆ. ಅವನ ಅಜ್ಜ ನಗುತ್ತಾರೆ.

ಉತ್ತರ: ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 1653ರಲ್ಲಿ ಸೂರ್ಯನ ವೇಷ ಹಾಕಿ ಬ್ಯಾಲೆ ಕುಣಿದ ಅಂತ ಅಜ್ಜನಿಗೆ ಹೇಳಿ. ಆಗ ಅವನ ವಯಸ್ಸೂ ಹದಿನಾಲ್ಕೇ. ಮುಂದೆ 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿಸಿದ. ಮಗನನ್ನು ಕಳಿಸಿ. ಟೀ ಶರ್ಟು, ಚಡ್ಡಿ ಸಾಕು.