ಹೊಸ ಪಿಜಿಪಿ ಕೀ ಮಾಡಿದ ಮೇಲೂ ಬರುವ ಮೇಲ್ ತೆರೆಯುತ್ತಿಲ್ಲ, ಯಾಕೆ?

ನೀವು ಬರೆದಿರುವುದು ಇಷ್ಟು: ಹಳೆ ಲ್ಯಾಪ್‌ಟಾಪ್ ಕೆಟ್ಟಿತು, ಹೊಸದರಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿಕೊಂಡು ಅದೇ ಮೇಲ್ ವಿಳಾಸಕ್ಕೆ ಪಿಜಿಪಿಯ (ಮೇಲನ್ನು ಬೇರೆಯವರು ಓದದ ಹಾಗೆ ಬೀಗ ಹಾಕುವ ವ್ಯವಸ್ಥೆ) ಹೊಸ ಕೀ ಮಾಡಿದಿರಿ, ಆದರೂ ನಿಮ್ಮ ಆಡಿಟರ್ ಕಳಿಸುವ ಮೇಲ್ ಒತ್ತಿದರೆ ಸೀಕ್ರೆಟ್ ಕೀ ಇಲ್ಲ ಅಂತ ಬರುತ್ತಿದೆ. ಮೂರು ಸಲ ಹೊಸ ಕೀ ಮಾಡಿ ನೋಡಿದ್ದೀರಿ ಬೇರೆ. ಮೊದಲು ಅದನ್ನು ನಿಲ್ಲಿಸಿ. ಮೂರರಲ್ಲಿ ಒಂದನ್ನು ಇಟ್ಟುಕೊಳ್ಳಿ.

ತೊಂದರೆ ಇರುವುದು ಆಡಿಟರ್ ಕಂಪ್ಯೂಟರ್‌ನಲ್ಲಿ. ಪಿಜಿಪಿಯಲ್ಲಿ ಕೀ ಅಂದರೆ ಜೋಡಿ: ನಿಮಗೆ ಕಳಿಸುವವರು ಬೀಗ ಹಾಕುವುದು ನಿಮ್ಮ ಪಬ್ಲಿಕ್ ಕೀಯಿಂದ, ಅದನ್ನು ತೆರೆಯುವುದು ನಿಮ್ಮ ಹತ್ತಿರ ಮಾತ್ರ ಇರುವ ಸೀಕ್ರೆಟ್ ಕೀ. ಅವರ ಹತ್ತಿರ ಇರುವುದು ನಿಮ್ಮ ಹಳೆ ಪಬ್ಲಿಕ್ ಕೀ. ಅವರ ಥಂಡರ್‌ಬರ್ಡ್ ಅದನ್ನೇ ನಂಬಿಕೊಂಡು ಹಳೆ ಬೀಗ ಜಡಿದು ಕಳಿಸುತ್ತಿದೆ, ನೀವು ಇಲ್ಲಿ ಹೊಸ ಬೀಗದ ಕೀಲಿ ತಿರುಗಿಸುತ್ತಾ ಕೂತಿದ್ದೀರಿ. ಮೇಲ್ ವಿಳಾಸ ಒಂದೇ ಆದ ಮಾತ್ರಕ್ಕೆ ಕೀ ಒಂದೇ ಆಗುವುದಿಲ್ಲ. ನೀವು ಕೀ ಬದಲಾಯಿಸಿದ್ದು ಅವರಿಗೆ ತಾನಾಗಿಯೇ ಗೊತ್ತಾಗುವುದೂ ಇಲ್ಲ.

ಹಾಗಾಗಿ ಹೊಸ ಪಬ್ಲಿಕ್ ಕೀಯನ್ನು ಒಂದು ಮಾಮೂಲಿ ಮೇಲ್‌ಗೆ ಅಂಟಿಸಿ ಅವರಿಗೆ ಕಳಿಸಿ. ಪಬ್ಲಿಕ್ ಕೀ ಯಾರ ಕೈಗೆ ಸಿಕ್ಕರೂ ಪರವಾಗಿಲ್ಲ, ಸೀಕ್ರೆಟ್ ಕೀ ಮಾತ್ರ ಅಪ್ಪಿತಪ್ಪಿಯೂ ಅಂಟಿಸಬೇಡಿ. ಅವರು ಅದನ್ನು ಇಂಪೋರ್ಟ್ ಮಾಡಿದರೆ ಸಾಲದು, ಕೀ ಮ್ಯಾನೇಜರ್ ತೆರೆದು ಆ ಕೀಯನ್ನು ಒಪ್ಪಿಕೊಂಡಿದ್ದೇನೆ ಅಂತ ಗುರುತು ಹಾಕಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕೀ ಪಟ್ಟಿಯಲ್ಲಿ ಕಾಣುತ್ತಿರುತ್ತದೆ, ಒಪ್ಪಿಗೆ ಕೊಟ್ಟಿರುವುದಿಲ್ಲ, ಥಂಡರ್‌ಬರ್ಡ್ ಎನ್‌ಕ್ರಿಪ್ಟ್ ಮಾಡಲ್ಲ, ಅಂದರೆ ಬೀಗ ಹಾಕಲ್ಲ, ಅಂತ ಹಟ ಹಿಡಿಯುತ್ತದೆ. ಆಮೇಲೆ ಹಳೆ ಕೀಯನ್ನು ಅವರ ಪಟ್ಟಿಯಿಂದ ತೆಗೆಸಿಬಿಡಿ.

ಒಪ್ಪುವ ಮೊದಲು ಫಿಂಗರ್‌ಪ್ರಿಂಟ್, ಅಂದರೆ ಆ ಕೀಯನ್ನು ಗುರುತಿಸುವ ಸಂಕೇತ, ಹೋಲಿಸಿ ನೋಡಬೇಕು. 40 ಅಕ್ಷರ ಇರುತ್ತದೆ, ಅಂಕಿಗಳು ಮತ್ತು ಇಂಗ್ಲಿಷಿನ ಎ ಇಂದ ಎಫ್ ತನಕ. ಕೊನೆಯ ಎಂಟನ್ನು ಮಾತ್ರ ನೋಡಿ ಸರಿ ಅನ್ನಬೇಡಿ, ಆ ಎಂಟು ಒಂದೇ ಥರ ಬರುವ ಹಾಗೆ ಬೇರೆ ಕೀ ಹುಟ್ಟಿಸಬಹುದು ಅಂತ 2014ರಲ್ಲೇ ಮಾಡಿ ತೋರಿಸಿದ್ದಾರೆ. ಫೋನ್ ಮಾಡಿ ಪೂರ್ತಿ ಓದಿ. ಫೋನಿನಲ್ಲಿ ಬಿ, ಸಿ, ಡಿ, ಇ ಎಲ್ಲಾ ಒಂದೇ ಥರ ಕೇಳಿಸುತ್ತದೆ, ಅದರಲ್ಲೂ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸೊಳಗೆ ಕೂತು ಓದಿದರಂತೂ ಕೇಳಲೇಬೇಡಿ. ನಾನು ಎ, ಬಿ ಅನ್ನುವ ಬದಲು ಆ ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಏರಿಯಾ ಹೆಸರು ಹೇಳುತ್ತೇನೆ: ಆಡುಗೋಡಿ, ಬಸವನಗುಡಿ, ಚಾಮರಾಜಪೇಟೆ, ದೊಮ್ಮಲೂರು, ಈಜಿಪುರ, ಫ್ರೇಜರ್ ಟೌನ್. ಆರೇ ಅಕ್ಷರ, ಆರೂ ಏರಿಯಾ ನಮ್ಮ ಬೆಂಗಳೂರಿನಲ್ಲೇ ಇವೆ. ‘ಏಳು, ಈಜಿಪುರ, ಮೂರು, ಫ್ರೇಜರ್ ಟೌನ್’ ಅಂತ ನಾನು ಓದುವಾಗ ಪಕ್ಕದಲ್ಲಿ ಕೂತವರು ಆಟೋ ರೂಟ್ ಹೇಳುತ್ತಿದ್ದೇನೆ ಅಂದುಕೊಂಡಿರಬೇಕು.

ಈಗ ಈಗಾಗಲೇ ಬಂದು ಬಿದ್ದಿರುವ ಮೇಲ್‌ಗಳ ಕಥೆ. ಅವು ಹಳೆ ಸೀಕ್ರೆಟ್ ಕೀ ಇಲ್ಲದೆ ತೆರೆಯುವುದಿಲ್ಲ. ಯಾವ ಸಾಫ್ಟ್‌ವೇರ್‌ಗೂ ಆಗಲ್ಲ, ದುಡ್ಡು ಕೊಟ್ಟರೂ ಆಗಲ್ಲ. ಆದರೆ ತಲೆ ಕೆಡಿಸಿಕೊಳ್ಳಬೇಡಿ. ಥಂಡರ್‌ಬರ್ಡ್ ಮೇಲ್ ಕಳಿಸುವಾಗ ಕಳಿಸಿದವರ ಕೀಗೂ ಸೇರಿಸಿ ಎನ್‌ಕ್ರಿಪ್ಟ್ ಮಾಡುತ್ತದೆ, ಆದ್ದರಿಂದ ಆಡಿಟರ್ ತಮ್ಮ ಸೆಂಟ್ ಫೋಲ್ಡರ್‌ನಲ್ಲಿ ಅವನ್ನೆಲ್ಲಾ ಆರಾಮಾಗಿ ಓದಬಹುದು. ಬೇಕಾದ ನಾಲ್ಕೈದನ್ನು ಹೊಸ ಕೀಗೆ ಮತ್ತೆ ಕಳಿಸಿ ಅಂತ ಕೇಳಿದರೆ ಮುಗಿಯಿತು.

ಅದಕ್ಕಿಂತ ಜಾಸ್ತಿ ಬೇಕು ಅಂದರೆ, ಹಳೆ ಲ್ಯಾಪ್‌ಟಾಪ್‌ನ ಡಿಸ್ಕ್ ಬದುಕಿದೆಯಾ ನೋಡಿ. ಎಷ್ಟೋ ಸಲ ಹೋಗಿರುವುದು ಬೋರ್ಡ್ ಅಷ್ಟೇ ಆಗಿರುತ್ತದೆ. ಎಸ್.ಪಿ. ರೋಡಿನಲ್ಲಿ ಡಿಸ್ಕ್‌ಗೆ ಯುಎಸ್‌ಬಿ ಕೇಸ್ ತಂದು ನೀವೇ ಮನೆಯಲ್ಲಿ ಹಾಕಿಕೊಳ್ಳಿ, ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಥಂಡರ್‌ಬರ್ಡ್ ನಿಮ್ಮ ಮೇಲ್, ಕೀ ಎಲ್ಲಾ ಇಡುವುದು ಅದರಲ್ಲಿರುವ ಪ್ರೊಫೈಲ್ ಫೋಲ್ಡರ್‌ನಲ್ಲಿ. ಥಂಡರ್‌ಬರ್ಡ್‌ಗೆ ಪ್ರೈಮರಿ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಆ ಫೋಲ್ಡರ್ ಸಿಕ್ಕವರಿಗೆ ನಿಮ್ಮ ಸೀಕ್ರೆಟ್ ಕೀಯೂ ಸಿಕ್ಕ ಹಾಗೆ. ಕಾಪಿ ಮಾಡುವಾಗ ಇಡೀ ಪ್ರೊಫೈಲ್ ಫೋಲ್ಡರ್ ತೆಗೆದುಕೊಳ್ಳಿ. ಕೀ ಇರುವ ಒಂದು ಫೈಲ್ ಮಾತ್ರ ತಂದರೆ ಉಪಯೋಗವಿಲ್ಲ, ಅದರ ಪಾಸ್‌ಫ್ರೇಸ್ ಅದೇ ಫೋಲ್ಡರ್‌ನ ಬೇರೆ ಫೈಲ್‌ಗಳಲ್ಲಿರುತ್ತದೆ. ಅಂದ ಹಾಗೆ, ನೀವು ಇದೇ ಕೆಲಸ ಮಾಡುವ ಜಿಎನ್‌ಯುಪಿಜಿ ಅನ್ನುವ ಇನ್ನೊಂದು ಪ್ರೋಗ್ರಾಂ ಕೂಡ ಬಳಸುತ್ತಿದ್ದರೆ, 2020ರ ಆವೃತ್ತಿ 78ರಿಂದ ಥಂಡರ್‌ಬರ್ಡ್ ತನ್ನದೇ ಕೀ ಗಂಟು ಇಟ್ಟುಕೊಂಡಿದೆ, ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಕಾಣಿಸುವುದಿಲ್ಲ.

ಪಬ್ಲಿಕ್ ಕೀಯನ್ನು ಎಲ್ಲರೂ ಹುಡುಕಿ ತೆಗೆದುಕೊಳ್ಳಲಿ ಅಂತ ಕೀಸರ್ವರ್‌ಗೆ ಹಾಕಿದ್ದರೆ? ಯಾವುದಕ್ಕೆ ಹಾಕಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 2019ರಲ್ಲಿ ಶುರುವಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್‌ನಲ್ಲಿ ಒಂದು ವಿಳಾಸಕ್ಕೆ ಒಂದೇ ಕೀ. ಹೊಸದನ್ನು ಹಾಕಿ, ಅವರು ಕಳಿಸುವ ಮೇಲ್‌ನ ಲಿಂಕ್ ಒತ್ತಿದರೆ ಆ ವಿಳಾಸ ಹಳೆ ಕೀಯಿಂದ ಬಿಟ್ಟು ಹೊಸದಕ್ಕೆ ಅಂಟಿಕೊಳ್ಳುತ್ತದೆ. ಲಿಂಕ್ ಒತ್ತದೆ ಬಿಟ್ಟರೆ ಕೀ ಅಲ್ಲಿ ಇದ್ದರೂ ವಿಳಾಸ ಹಾಕಿ ಹುಡುಕಿದವರಿಗೆ ಸಿಗುವುದಿಲ್ಲ. ಅದಕ್ಕೆ ಮೊದಲಿದ್ದ ಎಸ್‌ಕೆಎಸ್ ಅನ್ನುವ ಕೀಸರ್ವರ್‌ಗಳಲ್ಲಿ ಒಮ್ಮೆ ಹಾಕಿದ್ದನ್ನು ತೆಗೆಯುವ ದಾರಿಯೇ ಇರಲಿಲ್ಲ. 2019ರಲ್ಲಿ ಯಾರೋ ಕೆಲವರ ಕೀಗಳಿಗೆ ಸುಳ್ಳು ಸಹಿಗಳನ್ನು ಲೆಕ್ಕವಿಲ್ಲದಷ್ಟು ಸುರಿದು ಅವನ್ನು ಇಂಪೋರ್ಟ್ ಮಾಡಲಾಗದ ಹಾಗೆ ಮಾಡಿದರು. ಹಳೆ ಕೀಯನ್ನು ರದ್ದು ಮಾಡಬೇಕು ಅಂದರೂ ಅದರ ಸೀಕ್ರೆಟ್ ಕೀ ಅಥವಾ ಮೊದಲೇ ತೆಗೆದಿಟ್ಟ ರಿವೊಕೇಶನ್ ಸರ್ಟಿಫಿಕೇಟ್ ಬೇಕು.

ನಿಮ್ಮನ್ನು ನೋಡಿ ನಗುವ ಹಾಗಿಲ್ಲ ನಾನು. ಥಂಡರ್‌ಬರ್ಡ್‌ನಲ್ಲಿ ಮಾಡಿದ ಕೀಗೆ ಸುಮ್ನೆ ಬಿಟ್ಟರೆ ಮೂರು ವರ್ಷದ ಅವಧಿ. ನನ್ನದು ಮುಗಿಯಿತು, ಎರಡು ನಿಮಿಷದಲ್ಲಿ ಅವಧಿ ಮುಂದೂಡಿ ನಿಶ್ಚಿಂತೆಯಿಂದ ಇದ್ದೆ. ಹತ್ತು ದಿನ ಒಬ್ಬ ಕ್ಲೈಂಟ್‌ನಿಂದ ಸದ್ದೇ ಇಲ್ಲ. ಕೊನೆಗೆ ಫೋನ್ ಮಾಡಿದರೆ, ‘ನಿಮ್ಮ ಕೀ ಎಕ್ಸ್‌ಪೈರ್ ಆಗಿದೆ ಅಂತಿದೆಯಲ್ರೀ, ನೀವು ಕೆಲಸ ಬಿಟ್ಟಿರೇನೋ ಅಂದುಕೊಂಡೆ’ ಅಂದರು. ಅವಧಿ ಮುಂದೂಡಿದ್ದು ನನ್ನ ಪ್ರತಿಯಲ್ಲಿ ಮಾತ್ರ, ಅವರಿಗೆ ಪಬ್ಲಿಕ್ ಕೀಯನ್ನು ಮತ್ತೆ ಕಳಿಸಿರಲೇ ಇಲ್ಲ. ಫಿಂಗರ್‌ಪ್ರಿಂಟ್ ಬದಲಾಗಿರಲಿಲ್ಲ, ಆದ್ದರಿಂದ ಈಜಿಪುರ, ಫ್ರೇಜರ್ ಟೌನ್ ಸುತ್ತುವ ಕೆಲಸವಾದರೂ ಉಳಿಯಿತು.

ಆಡಿಟರ್ ಹೊಸ ಕೀ ಹಾಕಿಕೊಂಡ ಮೇಲೆ ಒಂದು ಸಾಲಿನ ಟೆಸ್ಟ್ ಮೇಲ್ ಕಳಿಸಲು ಹೇಳಿ. ಅದು ತೆರೆದ ತಕ್ಷಣ, ಕಾಫಿಗೂ ಏಳದೆ, ಕೀ ಮ್ಯಾನೇಜರ್‌ನಲ್ಲಿ ಸೀಕ್ರೆಟ್ ಕೀ ಬ್ಯಾಕಪ್ ತೆಗೆದು ಪೆನ್ ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಡಿ. ಬ್ಯಾಕಪ್‌ಗೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಆ ಪೆನ್ ಡ್ರೈವ್ ಮೇಲೇ ಚೀಟಿ ಅಂಟಿಸಿ ಬರೆದಿಡಬೇಡಿ. ಇನ್ನೂ ತೆರೆಯದಿದ್ದರೆ ಬರುವ ಎರರ್ ಅನ್ನು ಇಲ್ಲಿ ಹಾಕಿ, ನೋಡುತ್ತೇನೆ.