ಕಾರ್ಬುರೇಟರ್ ತೊಳೆದ ಮೇಲೆ ಏಳದ ಗಾಡಿ

ಪ್ರಶ್ನೆ: ನನ್ನದು 2003ರ ಹೀರೋ ಹೋಂಡಾ ಸ್ಪ್ಲೆಂಡರ್. ಮಳೆಗಾಲವಿಡೀ ಚಪ್ಪರದಡಿ ನಿಂತಿತ್ತು. ಆಮೇಲೆ ಸ್ಟಾರ್ಟ್ ಆಗುತ್ತಿತ್ತು, ಆದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್. ಮನೆಯಲ್ಲೇ ಕಾರ್ಬುರೇಟರ್ ಬಿಚ್ಚಿ, ಸ್ಪ್ರೇ ಹೊಡೆದು ತೊಳೆದು ಜೋಡಿಸಿದೆ. ಈಗ ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ತಳ್ಳಿದರೆ ಸೈಲೆನ್ಸರಿನಲ್ಲಿ ಒಂದೆರಡು ಸಲ ‘ಡಬ್’ ಎನ್ನುತ್ತದೆ. ಹೊಸ ಕಾರ್ಬುರೇಟರ್ ಹಾಕಿಸಬೇಕೇ?
ಓದುಗರು, ಅಂಕೋಲಾ

ಉತ್ತರ: ಹೊಸದಕ್ಕೆ ದುಡ್ಡು ಹಾಕುವುದು ಈಗಲೇ ಬೇಡ. ಹಳೆಯದನ್ನು ಮತ್ತೆ ಬಿಚ್ಚುವುದೂ ಬೇಡ. ಮೊದಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಚೋಕ್ ಎಳೆದು ಎಂಟು ಹತ್ತು ಕಿಕ್ ಹೊಡೆದ ಮೇಲೆ ಪ್ಲಗ್ ಒಣಗಿದೆಯೋ ಒದ್ದೆಯಾಗಿದೆಯೋ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಇದನ್ನು ನೋಡದೆ ಕಾರ್ಬುರೇಟರಿಗೆ ಕೈ ಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ. ‘ಡಬ್’ ಸದ್ದು ಸೈಲೆನ್ಸರಿನೊಳಗೆ ಉರಿಯದ ಪೆಟ್ರೋಲ್ ಹೊತ್ತಿಕೊಂಡದ್ದು. ಅಂದರೆ ಪೆಟ್ರೋಲೂ ಕಿಡಿಯೂ ಅಷ್ಟಿಷ್ಟು ಇವೆ, ಕಾರ್ಬುರೇಟರ್ ಬೆರೆಸುವ ಗಾಳಿ-ಪೆಟ್ರೋಲಿನ ಪ್ರಮಾಣ ತಪ್ಪಿದೆ.

ಬಿಚ್ಚಿದ ಪ್ಲಗ್ಗನ್ನು ಒರೆಸಿ, ಕಿಡಿ ಹಾರುವ ಗ್ಯಾಪ್ 0.6ರಿಂದ 0.7 ಮಿ.ಮೀ. ಇದೆಯೇ ನೋಡಿ. ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ರಂಧ್ರದಿಂದ ದೂರಕ್ಕೆ ಇಂಜಿನ್ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆಸಿ. ಚೆಲ್ಲಿದ ಪೆಟ್ರೋಲನ್ನು ಮೊದಲೇ ಒರೆಸಿರಬೇಕು. ಕಿಡಿ ನೀಲಿಯಾಗಿ ‘ಚಟ್ ಚಟ್’ ಎನ್ನಬೇಕು. ಕೆಂಪಗೆ ಮಂಕಾಗಿದ್ದರೆ ಪ್ಲಗ್ ಬದಲಿಸಿ, ಕ್ಯಾಪನ್ನು ತಿರುಗಿಸಿ ಬಿಚ್ಚಿ ವೈರಿನ ತುದಿ ನೋಡಿ. ಕಾರವಾರದಿಂದ ಭಟ್ಕಳದವರೆಗೆ ಉಪ್ಪುಗಾಳಿಗೆ ಈ ತುದಿಯ ತಾಮ್ರ ಹಸಿರುಗಟ್ಟುವುದು ಮಾಮೂಲು. ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ಕೂರಿಸಿ.

ಪ್ಲಗ್ ಒಣಗಿದ್ದರೆ: ಪೆಟ್ರೋಲ್ ಒಳಗೆ ಹೋಗುತ್ತಿಲ್ಲ. ಬೌಲಿನ (ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ, ಗಾಜಿನ ಬಾಟಲಿ ಹಿಡಿದು, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆನ್ ಮಾಡಿ. ಮೊದಲು ಬೌಲಿನಲ್ಲಿದ್ದದ್ದು ಸುರಿಯುತ್ತದೆ, ಆಮೇಲೂ ಧಾರೆ ನಿಲ್ಲದೆ ಬರಬೇಕು. ನಿಂತರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಆಗ ಬಂದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಆಗಲೂ ಬರದಿದ್ದರೆ ಕಾಕ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಬೌಲಿಗೆ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚಿ ತೆರೆಯುವ ಫ್ಲೋಟ್ ಪಿನ್ ಮೇಲೆಯೇ ಅಂಟಿಕೊಂಡಿದೆ.

ಬಾಟಲಿಯ ಪೆಟ್ರೋಲನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಅಥವಾ ಗುಂಡು ಗುಂಡು ಹನಿ ಕಂಡರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯುತ್ತವೆ, ಕಾರ್ಬುರೇಟರಿಗೆ ಮೊದಲು ಹೋಗುವುದೇ ಆ ಪದರ. ಚಪ್ಪರದಡಿ ಮಳೆಗಾಲ ಕಳೆದ ಗಾಡಿಯಲ್ಲಿ ಈ ಪರೀಕ್ಷೆ ಬಿಡಲೇಬೇಡಿ. ನೀರು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡುವುದೊಂದೇ ದಾರಿ.

ಪೆಟ್ರೋಲ್ ಚೆನ್ನಾಗಿ ಬರುತ್ತಿದ್ದೂ ಪ್ಲಗ್ ಒಣಗಿದ್ದರೆ ಸಂಶಯ ಸ್ಲೋ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ, ಸಣ್ಣ ರಂಧ್ರದ ಹಿತ್ತಾಳೆ ತಿರುಪು) ಮೇಲೆ. ತೊಳೆಯುವ ಮೊದಲು ಸ್ಲೋ (ಆಕ್ಸಿಲರೇಟರ್ ಬಿಟ್ಟಾಗಿನ ನಿಧಾನ ಓಟ) ನಿಲ್ಲದಿದ್ದದ್ದೂ ಬಹುಶಃ ಇದರಿಂದಲೇ. ಸ್ಟಾರ್ಟ್ ಆಗುವಾಗ ಇಂಜಿನ್ನಿಗೆ ಪೆಟ್ರೋಲ್ ಕೊಡುವುದು ಹೆಚ್ಚಾಗಿ ಇದೇ ದಾರಿ, ಮೇನ್ ಜೆಟ್ ಅಲ್ಲ. ಇದರ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ತೊಳೆಯುವಾಗ ಸಡಿಲಾದ ಕಸ ಇಲ್ಲೇ ಬಂದು ಸಿಕ್ಕಿಕೊಳ್ಳುತ್ತದೆ. ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದರೆ ದುಂಡಗಿನ ಚುಕ್ಕಿ ಬೆಳಕು ಕಾಣಬೇಕು. ಚುಕ್ಕಿ ಅರ್ಧ ಕಂಡರೆ ಕ್ಲೀನ್ ಆಗಿಲ್ಲ ಎಂದೇ ಲೆಕ್ಕ. ಗುಂಡುಸೂಜಿ ಹಾಕಬೇಡಿ, ಹಿತ್ತಾಳೆ ಮೆತ್ತಗಿರುವುದರಿಂದ ರಂಧ್ರ ದೊಡ್ಡದಾಗುತ್ತದೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು.

ಜೆಟ್ ಮಾತ್ರವಲ್ಲ, ಅದು ಕೂರುವ ಬಾಡಿಯ ದಾರಿಯೂ ತೆರೆದಿರಬೇಕು. ಜೆಟ್ ತೆಗೆದ ತೂತಿಗೆ ಸ್ಪ್ರೇ ಹೊಡೆದರೆ ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಾಗ ಏರಿಳಿಯುವ ಭಾಗ) ಹತ್ತಿರದ ಸೂಜಿಮೊನೆಯಷ್ಟು ತೂತುಗಳಿಂದಲೂ, ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೂತಿನಿಂದಲೂ ಚಿಮ್ಮಬೇಕು. ಕನ್ನಡಕ ಹಾಕಿಕೊಂಡೇ ಮಾಡಿ, ವಾಪಸ್ ಕಣ್ಣಿಗೇ ಹಾರುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ: ಇಂಜಿನ್ ಪೆಟ್ರೋಲ್ ಕುಡಿದು ಕೂತಿದೆ. ಕಾಕ್ ಬಂದ್, ಚೋಕ್ ಬಂದ್, ಇಗ್ನಿಷನ್ ಆಫ್. ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಕಿಕ್ ಹೊಡೆಯಿರಿ. ಒಣ ಪ್ಲಗ್ ಹಾಕಿ ನೋಡಿ. ಎದ್ದು ಮತ್ತೆ ಪೆಟ್ರೋಲಿನಲ್ಲಿ ಮುಳುಗಿದರೆ ತಪ್ಪು ಬೌಲಿನಲ್ಲಿ ತೇಲಿ ಪಿನ್ನನ್ನು ಎತ್ತುವ ಫ್ಲೋಟಿನಲ್ಲಿ. ಕಾರ್ಬುರೇಟರ್ ಬಿಚ್ಚಿ ತಲೆಕೆಳಗೆ ಮಾಡಿ, ಪೆಟ್ರೋಲ್ ಬರುವ ಕೊಳವೆಗೆ ಚೊಕ್ಕ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ಹಿಡಿದಾಗ ಹೋಗಬೇಕು. ತಲೆಕೆಳಗಾದಾಗಲೂ ಹೋದರೆ ಪಿನ್ನಿನ ಮೊನೆಯಲ್ಲಿ ಗೆರೆ ಬಿದ್ದಿದೆ ಅಥವಾ ಸೀಟಿನಲ್ಲಿ ಕಸವಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ.

ಇನ್ನು ಜೋಡಿಸುವಾಗ ಆಗುವ ತಪ್ಪುಗಳು. ಇವು ಎರಡೂ ಸ್ಥಿತಿಯಲ್ಲಿ ಗಾಡಿಯನ್ನು ನಿಲ್ಲಿಸುತ್ತವೆ. ಸ್ಲೈಡಿನ ತಳದಲ್ಲಿ ಒಂದು ಬದಿ ಓರೆಯಾಗಿ ಕತ್ತರಿಸಿರುತ್ತದೆ, ಅದು ಏರ್ ಫಿಲ್ಟರ್ ಕಡೆಗಿರಬೇಕು. ತಿರುಗಿ ಕೂತರೆ ಸ್ಲೈಡ್ ಪೂರ್ತಿ ಇಳಿಯುವುದಿಲ್ಲ, ಸ್ಲೋ ದಾರಿಗೆ ಬೇಕಾದ ಎಳೆತ ಹುಟ್ಟುವುದಿಲ್ಲ. ಎದ್ದರೂ ರೇಸ್ ಏರಿಕೊಂಡೇ ಇರುತ್ತದೆ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ಸ್ಲೈಡ್ ‘ಟಕ್’ ಎಂದು ಕೆಳಗೆ ಬಡಿಯಬೇಕು. ಈ ಸದ್ದು ಬರದೆ ಕಿಕ್ ಹೊಡೆಯಬೇಡಿ.

ಮಿಕ್ಸ್ಚರ್ ಸ್ಕ್ರೂವನ್ನು ಬೆರಳ ತುದಿಯ ಬಲದಲ್ಲಿ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ. ಆರಂಭಕ್ಕೆ ಇಷ್ಟು ಸಾಕು, ಇಂಜಿನ್ ಬಿಸಿಯಾದ ಮೇಲೆ ಸೂಕ್ಷ್ಮವಾಗಿ ಹೊಂದಿಸಿ. ಬಿಗಿದರೆ ಮೊನೆ ಸೀಟಿಗೆ ಕಚ್ಚಿ ಬಾಡಿಯೇ ಹಾಳು.

ಕೊನೆಯದು, ನಮ್ಮ ಪ್ರಕಾರ ನಿಮ್ಮ ಗಾಡಿಯಲ್ಲಿ ಅತ್ಯಂತ ಸಂಭವನೀಯವಾದದ್ದು: ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಓ-ರಿಂಗ್ (ರಬ್ಬರ್ ಬಳೆ). ರಬ್ಬರ್ ತೆಗೆಯದೆ ಸ್ಪ್ರೇ ಹೊಡೆದಿದ್ದರೆ ಅದು ಉಬ್ಬಿ ತನ್ನ ತೋಡಿನಲ್ಲಿ ಕೂರುವುದಿಲ್ಲ, ಪಕ್ಕದಿಂದ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ. ಹೊಸ ಓ-ರಿಂಗ್ ಹಾಕಿ, ಎರಡೂ ಬೋಲ್ಟುಗಳನ್ನು ಸರದಿಯಂತೆ ಅರ್ಧರ್ಧ ಸುತ್ತು ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಅಂಚು ಬಾಗುತ್ತದೆ. ಬಾಗಿದ್ದರೆ ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ಅಂಚನ್ನು ಮೆಲ್ಲಗೆ ತಿಕ್ಕಿ ಸಮ ಮಾಡಬಹುದು.

ಪ್ರಶ್ನೆ: ಯಮಹಾ ಆರ್‌ಎಕ್ಸ್ 100. ಕಾರ್ಬುರೇಟರ್ ಸರ್ವಿಸ್ ಆದ ಮೇಲೆ ಬೆಳಿಗ್ಗೆ ತಳ್ಳಿದರಷ್ಟೇ ಏಳುತ್ತದೆ. ಬಿಸಿಯಾದ ಮೇಲೆ ಅರ್ಧ ಕಿಕ್ ಸಾಕು. ಚೋಕ್ ಎಳೆದರೂ ಬಿಟ್ಟರೂ ವ್ಯತ್ಯಾಸವಿಲ್ಲ.
ಓದುಗರು, ಕುಮಟಾ

ಉತ್ತರ: ಚೋಕ್ ದಾರಿ ಕಟ್ಟಿದೆ. ಈ ಗಾಡಿಯ ಮಿಕುನಿ ಕಾರ್ಬುರೇಟರಿನಲ್ಲಿ ಚೋಕ್ ಎಂದರೆ ಗಾಳಿಗೆ ಅಡ್ಡ ಬರುವ ತಗಡಲ್ಲ. ಬೌಲಿನಿಂದ ಪೆಟ್ರೋಲ್ ಎಳೆಯುವ ಪ್ರತ್ಯೇಕ ಸಣ್ಣ ದಾರಿ. ಬೌಲಿನ ಒಳಗೋಡೆಯಲ್ಲಿ ಬಾವಿಯಂಥ ಒಂದು ಕುಳಿ ಇರುತ್ತದೆ, ಅದರ ಬುಡದ ತೂತನ್ನು ತೊಳೆಯುವವರು ಗಮನಿಸುವುದಿಲ್ಲ. ಬೌಲ್ ಬಿಚ್ಚಿ ಅಲ್ಲಿಗೆ ಸ್ಪ್ರೇ ಹೊಡೆಯಿರಿ. ಜೊತೆಗೆ ಈ ದಾರಿಯನ್ನು ತೆರೆದು ಮುಚ್ಚುವ ಚೋಕ್ ಪ್ಲಂಜರ್ ತುದಿಯ ರಬ್ಬರ್ ನೋಡಿ. ಇನ್ನೊಂದು ಮುಖ್ಯ ಮಾತು, ಚೋಕ್ ಎಳೆದಾಗ ಆಕ್ಸಿಲರೇಟರ್ ಮುಟ್ಟಬಾರದು. ಸ್ಲೈಡ್ ಎದ್ದರೆ ಎಳೆತ ಕಡಿಮೆಯಾಗಿ ಚೋಕ್ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕುಮಟಾದಲ್ಲಿ ಟ್ಯೂನ್ ಮಾಡಿಸಿದ ಗಾಡಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಸ್ಲೋದಲ್ಲಿ ಒರಟಾಗಿ ಓಡುತ್ತದೆ. ಜೆಟ್ ಬದಲಿಸಬೇಕೇ?
ಓದುಗರು, ಶಿರಸಿ

ಉತ್ತರ: ಬೇಡ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಗಾಳಿ ಶೇ 5–6ರಷ್ಟು ತೆಳು. ಪೆಟ್ರೋಲ್ ಪಾಲು ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೇ. ಬಿಸಿ ಇಂಜಿನ್ನಿನಲ್ಲಿ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ. ಸ್ಕ್ರೂ ಏರ್ ಫಿಲ್ಟರ್ ಬದಿಗಿದ್ದರೆ ಹೊರಕ್ಕೆ, ಇಂಜಿನ್ ಬದಿಗಿದ್ದರೆ ಒಳಕ್ಕೆ. ಆಮೇಲೂ ಒರಟು ಹೋಗದಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ, ಕೆಳಗೆ ಹೇಗೋ ನಡೆಯುತ್ತಿದ್ದ ಅರ್ಧ ಕಟ್ಟಿದ ಫಿಲ್ಟರ್ ಘಟ್ಟದ ಮೇಲೆ ಕೈಕೊಡುತ್ತದೆ.