ಕಾರವಾರದ ಬೀಚಲ್ಲಿ ಪ್ಲಾಸ್ಟಿಕ್ ಬಾಟಲಿಯಿಂದ ಮೀನುಗಾರ ಹೆಂಗಸಿನ ಮೂರ್ತಿ ಮಾಡಿದರೆ ಅದು ಸ್ತ್ರೀವಾದಿ ಕಲೆ ಆಗುತ್ತದಾ?

ನಾನು ಇಲ್ಲಿಯವಳೇ. ಇಂಥದೇ ಒಂದು ಕೆಲಸ ಮಾಡಿದ್ದೇನೆ. ನನ್ನನ್ನು ಕೇಳಿದರೆ ಮೂರ್ತಿ ಬೇಡ.

ಬುಟ್ಟಿ ಹೊತ್ತ ಹೆಂಗಸಿನ ಮೂರ್ತಿ ನೋಡಲು ಚೆಂದವೇ. ಆದರೆ ಮಾಡುವವರು ಯಾರು? ಬುಟ್ಟಿ ಹೊರುವವಳಿಗೆ ಏನು ಹೇಳಬೇಕಿದೆ ಅಂತ ಕೇಳಿದ್ದೀರಾ? ಕಲೆ ಸ್ತ್ರೀವಾದಿ ಆಗೋದು ಅಲ್ಲಿಂದ.

ನಮ್ಮ ಜಿಲ್ಲೆಯಲ್ಲೇ ನೋಡಿ. ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹಳೇ ಸೀರೆ, ಅಂಗಿ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂವಿನ ಹಾಗೆ ಕೂರಿಸುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಇದನ್ನು ನಾವು ಬರೀ ಹೊದಿಕೆ ಅಂದುಕೊಂಡೆವು, ಅಲ್ವಾ?

ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1969ರಲ್ಲಿ, ತಾಯಿಯಾದ ಮೇಲೆ, ಗುಡಿಸುವುದು ತೊಳೆಯುವುದೂ ಕಲೆಯೇ ಎಂದು ಪ್ರಣಾಳಿಕೆ ಬರೆದರು. ಆಮೇಲೆ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿ, ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದರು. 1983ರಲ್ಲಿ ಕಸದ ಲಾರಿಗೆ ಕನ್ನಡಿ ಹಚ್ಚಿಸಿದರು. ಕಸ ಹಾಕಿದ ಊರಿಗೆ ಆ ಲಾರಿಯಲ್ಲಿ ತನ್ನದೇ ಮುಖ ಕಾಣುತ್ತಿತ್ತು. ನನಗೆ ತುಂಬಾ ಇಷ್ಟವಾದ ಕೆಲಸ ಅದು.

ನಾವು ಹರಕು ಬಲೆಗೆ ಸೀರೆ ಪಟ್ಟಿ ಪೋಣಿಸಿ ದೊಡ್ಡ ಪರದೆ ಮಾಡಿದೆವು. ಮೀನು ಮಾರುವ ಅಕ್ಕಂದಿರು ತಮ್ಮ ಸೀರೆಗಳನ್ನೇ ತಂದರು. ಒಬ್ಬರು ತೀರಿಹೋದ ಅಮ್ಮನ ಸೀರೆ ತಂದರು. ಕತ್ತರಿ ಹಾಕಲು ಬಿಡಲಿಲ್ಲ. ಇಡಿಯಾಗಿಯೇ ನಡುವೆ ಕಟ್ಟಿದೆವು. ಪರದೆಯ ಮುಂದೆ ಜನ ಜಾಸ್ತಿ ಹೊತ್ತು ನಿಂತದ್ದು ಅಲ್ಲೇ. ಉದ್ಘಾಟನೆಯ ದಿನ ಮಾತ್ರ ಈ ಅಕ್ಕಂದಿರಿಗೆ ವೇದಿಕೆಯಲ್ಲಿ ಒಂದು ಕುರ್ಚಿ ಇರಲಿಲ್ಲ. ಫಲಕದಲ್ಲಿ ಹೆಸರೂ ಇರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ನೀವು ಮಾಡಿದವರ ಹೆಸರುಗಳನ್ನು ಕೃತಿಯ ಮೇಲೇ ಹೊಲಿಸಿಬಿಡಿ, ಯಾರೂ ಅವನ್ನು ಕೈಬಿಡಲಾಗದ ಹಾಗೆ. ಅವರು ವ್ಯಾಪಾರ ಬಿಟ್ಟು ಬರುತ್ತಾರೆ, ಸುಮ್ನೆ ಕೂರಿಸಬೇಡಿ, ಆ ದಿನದ ಕೂಲಿ ಕೊಡಿ.

ಬಾಟಲಿ ಯಾಕೆ ಬೇಡ ಅಂದರೆ, ಬಿಸಿಲಿಗೆ ಪ್ಲಾಸ್ಟಿಕ್ ಗರಿಗರಿಯಾಗಿ ಚೂರಾಗುತ್ತದೆ, ಚೂರು ಕಡಲಿಗೇ ಹೋಗುತ್ತದೆ. ಕಬ್ಬಿಣದ ತಂತಿಯೂ ಉಪ್ಪುಗಾಳಿಗೆ ಬಾಳುವುದಿಲ್ಲ. ಬಲೆಯಾದರೆ ಗಾಳಿಯನ್ನು ಹಾಯಲು ಬಿಡುತ್ತದೆ. ಆದರೆ ಅದೂ ನೈಲಾನೇ. ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಬಿದ್ದ ಬಲೆಗೆ ಸಿಕ್ಕಿಕೊಂಡರೆ ಸಾಯುತ್ತವೆ. ಹಾಗಾಗಿ ಬೀಚ್ ಬಿಟ್ಟು ಮೀನು ಮಾರ್ಕೆಟ್ಟಿನ ಗೋಡೆ ಕೊಡುತ್ತಾರಾ ಕೇಳಿ ನೋಡಿ. ಹೊಲಿದವರಿಗೆ ದಿನಾ ಕಣ್ಣೆದುರೇ ಇರುತ್ತದೆ. ಮಳೆಗಾಲ ಬರುವ ಮುಂಚೆ, ಮೇ ಮುಗಿಯುವುದರೊಳಗೆ ಬಿಚ್ಚಿ ಒಳಗಿಡಿ.